ಡೆಡ್‌ಲಿಫ್ಟ್ ಆದ ಮೇಲೆ ರೋಯಿಂಗ್ ಮಷೀನ್, ಸೊಂಟಕ್ಕೆ ಬಿಡುವು ಯಾವಾಗ?

ಪ್ರಶ್ನೆ: ಮೇಡಂ ನಮಸ್ತೆ. ಸೋಮವಾರ ಸ್ಕ್ವಾಟ್ ಮತ್ತು ಬಾರ್ಬೆಲ್ ರೋ (ಬಗ್ಗಿ ನಿಂತು ಬಾರ್ ಎಳೆಯುವುದು), ಮಂಗಳವಾರ ಬೆಂಚ್, ಗುರುವಾರ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) 5 ಸೆಟ್, ಸೆಟ್‌ಗೆ 5 ರೆಪ್ಸ್ (5 ಸಲ), ಶುಕ್ರವಾರ ಪುಲ್-ಅಪ್ ಜೊತೆ ಮತ್ತೆ ಬಾರ್ಬೆಲ್ ರೋ ಮಾಡುತ್ತೇನೆ. ದಮ್ಮು ಸಾಲುತ್ತಿಲ್ಲ ಅಂತ ಈಚೆಗೆ ಮಂಗಳವಾರ ಕೆಟಲ್‌ಬೆಲ್ ಸ್ವಿಂಗ್ (ಹಿಡಿ ಇರುವ ಗುಂಡನ್ನು ಕಾಲುಗಳ ನಡುವಿಂದ ಮುಂದಕ್ಕೆ ಬೀಸುವುದು), ಗುರುವಾರ ಡೆಡ್‌ಲಿಫ್ಟ್ ಆದ ತಕ್ಷಣ ರೋಯಿಂಗ್ ಮಷೀನ್ 20 ನಿಮಿಷ ಸೇರಿಸಿದೆ. ಈಗ ಶುಕ್ರವಾರ ಬರುವಷ್ಟರಲ್ಲಿ ಸೊಂಟ ಕಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಒಂದೆರಡು ದಿನದಲ್ಲಿ ಹೋಗುತ್ತದೆ. ಡೆಡ್‌ಲಿಫ್ಟ್ ತೂಕವೂ ಏರುತ್ತಿಲ್ಲ. ಬೆನ್ನೂ ಅಗಲ ಆಗಬೇಕು, ದಮ್ಮೂ ಬೇಕು. ಏನು ಬದಲಾಯಿಸಲಿ?

ಉತ್ತರ (ಟ್ರೈನರ್): ಕಾಲಿಗೆ ಇಳಿಯುತ್ತಿಲ್ಲ ಅಂತ ಬರೆದದ್ದು ಒಳ್ಳೆಯದಾಯಿತು, ನಾನು ಮೊದಲು ಕೇಳುತ್ತಿದ್ದುದೇ ಅದು. ಕಾಲಲ್ಲಿ ಜೋಮು, ಬಲ ಕಡಿಮೆ ಆಗುವುದು ಕಂಡರೆ ಜಿಮ್ ಬಿಟ್ಟು ಡಾಕ್ಟರ್‌ಗೆ ತೋರಿಸಿ. ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅವತ್ತೇ, ತಡ ಮಾಡದೆ.

ಈಗ ನಿಮ್ಮ ವಾರ ನೋಡೋಣ. ನೀವು ಕಾಲು ಬೇರೆ, ಬೆನ್ನು ಬೇರೆ, ಕಾರ್ಡಿಯೋ ಬೇರೆ ಅಂತ ಹಂಚಿದ್ದೀರಿ. ಆದರೆ ಸೊಂಟ ಎಲ್ಲದರಲ್ಲೂ ಇದೆ! ಸ್ಕ್ವಾಟ್‌ನಲ್ಲಿ ಭಾರ ಹೊರುತ್ತದೆ, ಬಗ್ಗಿ ಎಳೆಯುವ ರೋನಲ್ಲಿ ಸೆಟ್ ಮುಗಿಯುವ ತನಕ ಅಲುಗಾಡದೆ ಹಿಡಿದುಕೊಂಡಿರಬೇಕು, ಸ್ವಿಂಗ್‌ನಲ್ಲಿ ಕೆಳಗೆ ಬರುವ ತೂಕವನ್ನು ಪ್ರತಿ ಸಲ ತಡೆಯಬೇಕು. ರೋಯಿಂಗ್ ಮಷೀನಿನಲ್ಲಿ ನಿಮಿಷಕ್ಕೆ 24 ಸ್ಟ್ರೋಕ್ ಅಂತ ಹಿಡಿದರೂ 20 ನಿಮಿಷಕ್ಕೆ 480 ಸಲ ಮುಂದೆ ಬಗ್ಗಿ ಹಿಂದೆ ಬರುತ್ತೀರಿ, ಅದೂ ಡೆಡ್‌ಲಿಫ್ಟ್ ಮಾಡಿ ಸುಸ್ತಾದ ಸೊಂಟದಲ್ಲಿ. ಜಿಮ್‌ಗೆ ಬರುವ ನಾಲ್ಕೂ ದಿನ ಅದಕ್ಕೆ ಕೆಲಸ. ತೂಕ ಏರದೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಂತ ಬೆನ್ನಿನ ಸೆಟ್ ಕಡಿಮೆ ಮಾಡಬೇಡಿ. ಸೊಂಟಕ್ಕೆ ಬೀಳುವುದನ್ನು ಮಾತ್ರ ಕಡಿಮೆ ಮಾಡಿ. ಶುಕ್ರವಾರದ ಬಾರ್ಬೆಲ್ ರೋ ತೆಗೆದು, ಬೆಂಚನ್ನು ಸುಮಾರು 30 ಡಿಗ್ರಿ ಓರೆ ಮಾಡಿ ಅದರ ಮೇಲೆ ಬೋರಲಾಗಿ ಮಲಗಿ ಡಂಬೆಲ್ ರೋ ಮಾಡಿ. ಮೊಣಕೈ ಸೊಂಟದ ಕಡೆಗೆ ಬರಲಿ, ಮೇಲೆ ಒಂದು ಕ್ಷಣ ನಿಲ್ಲಿಸಿ, ನಿಧಾನಕ್ಕೆ ಇಳಿಸಿ. ಎದೆ ಬೆಂಚಿನಿಂದ ಏಳುತ್ತಿದೆ ಅಂದರೆ ತೂಕ ಜಾಸ್ತಿ ಆಯ್ತು, ಇಳಿಸಿ. ಸೋಮವಾರವೂ ಬಾರ್ಬೆಲ್ ಬದಲು ಒಂದು ಕೈ ಬೆಂಚಿಗೆ ಊರಿ ಇನ್ನೊಂದು ಕೈಯಲ್ಲಿ ಡಂಬೆಲ್ ಎಳೆಯಿರಿ. ಪುಲ್-ಅಪ್ ಹಾಗೇ ಇರಲಿ, ಅದು ಸೊಂಟಕ್ಕೆ ಏನೂ ಮಾಡುವುದಿಲ್ಲ. ಎಲ್ಲಾ ಸೇರಿ ವಾರಕ್ಕೆ 10ರಿಂದ 15 ಸೆಟ್ ಆದರೆ ಬೆನ್ನಿಗೆ ಧಾರಾಳ.

ಡೆಡ್‌ಲಿಫ್ಟ್ ಐದು ಸೆಟ್ ಬೇಡ. ಭಾರದ್ದು ಒಂದು ಸೆಟ್ 5 ರೆಪ್ಸ್, ಇನ್ನೆರಡು ರೆಪ್ಸ್ ಆಗುತ್ತಿತ್ತು ಅನ್ನುವಾಗಲೇ ಬಾರ್ ಕೆಳಗಿಡಿ. ಆಮೇಲೆ ಶೇ. 10ರಿಂದ 15 ತೂಕ ಇಳಿಸಿ ಎರಡು ಸೆಟ್, ಅಷ್ಟೇ.

ದಮ್ಮಿಗೆ ಸ್ವಿಂಗ್, ರೋಯಿಂಗ್ ಬದಲು ಮಂಗಳವಾರ ಬೆಂಚ್ ಆದ ಮೇಲೆ ಸೈಕಲ್ 30 ನಿಮಿಷ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ. ಇದು ತೀರಾ ಸುಲಭ ಅನಿಸುತ್ತದೆ, ಎಲ್ಲರೂ ಇಲ್ಲೇ ಆಸೆಬುರುಕರಾಗಿ ಜೋರು ಮಾಡಿಬಿಡುತ್ತಾರೆ. ಜೋರು ಶುಕ್ರವಾರ ಕೊನೆಗೆ ಇಟ್ಟುಕೊಳ್ಳಿ: ಸೈಕಲ್ ಮೇಲೆ 20 ಸೆಕೆಂಡ್ ಬಿರುಸು, 100 ಸೆಕೆಂಡ್ ನಿಧಾನ, ಎಂಟು ಸುತ್ತು. ಜಿಮ್‌ನಲ್ಲಿ ಸ್ಲೆಡ್ (ತೂಕ ಹೇರಿ ನೆಲದ ಮೇಲೆ ತಳ್ಳುವ ಚೌಕಟ್ಟು) ಇದ್ದರೆ ತಳ್ಳಿ. ಅದರಲ್ಲಿ ಎತ್ತಿದ ಭಾರವನ್ನು ತಡೆದು ಕೆಳಗಿಳಿಸುವ ಕೆಲಸ ಇಲ್ಲ, ಅದಕ್ಕೆ ಮಾರನೇ ದಿನ ಮೈಕೈ ನೋವು ಕಡಿಮೆ.

ಇನ್ನೊಬ್ಬರು: ಕಾರ್ಡಿಯೋ ಮಾಡಿದರೆ ಬಲ ಇಳಿಯುತ್ತೆ ಅಂತಾರಲ್ಲ ಮೇಡಂ?

ಉತ್ತರ: ಆ ಮಾತು ಬಂದಿದ್ದು ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅದರಲ್ಲಿ ಎರಡನ್ನೂ ಮಾಡಿದ ಗುಂಪು 10 ವಾರ, ವಾರಕ್ಕೆ 5 ದಿನ ವೇಟ್ಸ್, 6 ದಿನ ಜೋರಾದ ಓಟ ಮತ್ತು ಸೈಕಲ್ ಮಾಡಿತ್ತು. ಮೊದಲ ಏಳೆಂಟು ವಾರ ಅವರ ಬಲವೂ ಏರಿತು, ಕೊನೆಯ ವಾರಗಳಲ್ಲಿ ಇಳಿಯಿತು. ನಿಮ್ಮಲ್ಲಿ ಯಾರು ಅಷ್ಟು ಮಾಡುತ್ತೀರಿ ಹೇಳಿ! ವಾರಕ್ಕೆ ಎರಡು ಸಲಕ್ಕೆ ಭಯ ಬೇಡ. ಒಂದೇ ದಿನ ಎರಡೂ ಇದ್ದರೆ ವೇಟ್ಸ್ ಮೊದಲು.

ಮತ್ತೊಬ್ಬರು: ಸುಮ್ನೆ ಬೆಲ್ಟ್ ಕಟ್ಟಿಕೊಂಡರೆ ಆಗಲ್ವಾ?

ಉತ್ತರ: ಬೆಲ್ಟ್ ಇದ್ದರೆ ಹೊಟ್ಟೆಯನ್ನು ಅದಕ್ಕೆ ಒತ್ತಿ ಬಿಗಿ ಹಿಡಿಯಬಹುದು, ಭಾರದ ಸೆಟ್‌ಗೆ ಅನುಕೂಲ. ಆದರೆ 480 ಸ್ಟ್ರೋಕ್ 480 ಸ್ಟ್ರೋಕೇ ಅಲ್ವಾ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ರೋಯಿಂಗ್ ಮಷೀನ್ ಪೂರ್ತಿ ಬಿಡಬೇಕಾ? ನಂಗೆ ಅದೇ ಇಷ್ಟ.

ಉತ್ತರ: ಬಿಡಬೇಕಿಲ್ಲ. ಶುಕ್ರವಾರದ ಬಿಗಿತ ಎರಡು ಮೂರು ವಾರ ಬರದೆ ಇದ್ದರೆ, ಮಂಗಳವಾರದ ಸೈಕಲ್‌ನಲ್ಲಿ 10 ನಿಮಿಷ ಇದಕ್ಕೆ ಕೊಡಿ. ಮೊದಲು ಕಾಲು ತಳ್ಳಿ, ಆಮೇಲೆ ಮೈ ಹಿಂದಕ್ಕೆ, ಕೊನೆಗೆ ಕೈ. ಮುಂದೆ ಹೋಗುವಾಗ ಬೆನ್ನು ಗೂನಾಗುತ್ತಿದೆಯಾ ಅಂತ ಪಕ್ಕದಿಂದ ಒಂದು ವಿಡಿಯೋ ಮಾಡಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.