ಹೆಲ್ಸ್ ಕ್ಯಾನ್ಯನ್ ಪಕ್ಕದ ಹುಲ್ಲುಗಾವಲನ್ನು ಯಾಕೆ ಯಾರೂ ಉಳಲಿಲ್ಲ?

ಬೋಯ್ಸಿ_ಬಸು:
ಅಮೆರಿಕದ ಆರಿಗನ್ ರಾಜ್ಯದ ಈಶಾನ್ಯ ಮೂಲೆಗೆ ಹೋಗಿದ್ದೆ. ಜೋಸೆಫ್ ಊರು ದಾಟಿದರೆ ಜಮ್‌ವಾಲ್ಟ್ ಪ್ರೇರಿ, ಕಣ್ಣು ಹಾಯಿಸಿದಷ್ಟೂ ಹುಲ್ಲು. ಪೂರ್ವಕ್ಕೆ ನೆಲವೇ ಮುಗಿದು ಇಮ್ನಾಹಾ ಕಣಿವೆ, ಆಮೇಲೆ ಸ್ನೇಕ್ ನದಿಯ ಕೊರಕಲು, ಅದೇ ಹೆಲ್ಸ್ ಕ್ಯಾನ್ಯನ್. ಎಲ್ಲಾ ಕಡೆ ಕಪ್ಪು ಬಸಾಲ್ಟ್, ಲಾವಾ ಆರಿ ಆದ ಕಲ್ಲು. ನಾನು ವಿಜಯಪುರದವನು, ನಮ್ಮಲ್ಲಿ ಅದೇ ಕಲ್ಲಿನ ಮೇಲೆ ಎರೆ ಹೊಲ, ಬಿಳಿ ಜೋಳ. ಇಲ್ಲಿ ಸುಮ್ನೆ ಹುಲ್ಲು ಬಿಟ್ಟಿದ್ದಾರಲ್ಲ, ಯಾಕೆ?

ಕರಿಬಂಡೆ:
ಬಿಟ್ಟಿದ್ದಲ್ಲ ಮಾರಾಯ್ರೆ, ಉಳೋಕೆ ಹೋಗಿ ಸೋತಿದ್ದು. ಕಳೆದ ಶತಮಾನದ ಶುರುವಲ್ಲಿ ಸರ್ಕಾರಿ ಭೂಮಿ ಹಿಡಿದು ಬಂದ ಕುಟುಂಬಗಳಲ್ಲಿ ಹೆಚ್ಚಿನವರು ಬಿಟ್ಟು ಹೋದರು. ನಿಮ್ಮೂರ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ, ಬಿಸಿಲು ಮಳೆಗೆ ಕರಗಿ ಎರೆಯಾಗಿದೆ. ಇಲ್ಲಿಯದಕ್ಕೆ ಸುಮಾರು 1.6 ಕೋಟಿ. ಮೇಲಾಗಿ ಚಳಿ, ಮಳೆ ಕಡಿಮೆ, ಹಾಗಾಗಿ ಕಲ್ಲು ಅಷ್ಟು ಮಣ್ಣಾಗಿಲ್ಲ. ಎಷ್ಟೋ ಕಡೆ ಗುದ್ದಲಿ ಹಾಕಿದರೆ ಗೇಣಿಗೇ ಕಲ್ಲು.

ಬಸಾಲ್ಟ್ ಮೇಲೆ ಬೆಳೆ ಬರಲ್ಲ ಅಂತಲ್ಲ. ಉತ್ತರಕ್ಕೆ ಪಲೂಸ್ ಅನ್ನೋ ಪ್ರದೇಶ ನೋಡಿ. ಅಲ್ಲೂ ಇದೇ ಲಾವಾ, ಆದರೆ ಮೇಲೆ ಗಾಳಿ ತಂದು ಸುರಿದ ದಪ್ಪ ಮಣ್ಣು. ಅಲ್ಲಿನ ಹುಲ್ಲುಗಾವಲು ಹೆಚ್ಚುಕಡಿಮೆ ಪೂರ್ತಿ ಗೋಧಿ ಹೊಲವಾಯ್ತು. ಜಮ್‌ವಾಲ್ಟ್ ಉಳಿದಿದ್ದು ಮಣ್ಣಿನ ಬಡತನದಿಂದ.

ಇನ್ನೊಮ್ಮೆ ಹೋದರೆ ಕುಕ್ಕರಗಾಲಲ್ಲಿ ಕೂತು ನೋಡಿ. ಐಡಾಹೊ ಫೆಸ್ಕ್ಯೂ, ಬ್ಲೂಬಂಚ್ ವೀಟ್‌ಗ್ರಾಸ್, ಈ ಎರಡೂ ಹುಲ್ಲು ಗರಿಕೆ ಥರ ಹಬ್ಬಲ್ಲ. ಒಂದೊಂದು ಬುಡವೂ ಬೇರೆ ಬೇರೆ. ನಡುವೆ ಖಾಲಿ ಕಾಣೋ ನೆಲದಲ್ಲಿ ಪಾಚಿ, ಕಲ್ಲುಹೂವಿನ ತೆಳು ಪದರ. ಮಣ್ಣು ಹಿಡಿದಿಟ್ಟಿರೋದು ಅದು. ದಯವಿಟ್ಟು ತುಳೀಬೇಡಿ!

ಸೀಗೆಮೆಳೆ:
ಒಂದು ಮಾತು. ಉಳದಿದ್ದ ಮಾತ್ರಕ್ಕೆ ಯಾರೂ ಇಲ್ಲದ ಜಾಗ ಅಲ್ಲ. ಇಲ್ಲಿನ ಮೂಲನಿವಾಸಿ ನೆಜ್ ಪರ್ಸ್ ಜನರ ಕುದುರೆ, ದನ ಮೇಯುತ್ತಿದ್ದ ನೆಲ ಇದು. 1877ರಲ್ಲಿ ಸೈನ್ಯ ಅವರಿಗೆ ಜಾಗ ಬಿಟ್ಟು ಹೋಗಲು ಗಡುವು ಕೊಟ್ಟಿತು. ನದಿ ತುಂಬಿ ಹರಿಯುವಾಗಲೇ ಡಗ್ ಬಾರ್ ಹತ್ತಿರ ಸ್ನೇಕ್ ದಾಟಬೇಕಾಯ್ತು. ಎಷ್ಟೋ ದನಕರು ಕೊಚ್ಚಿಹೋದವು.

ಬೋಯ್ಸಿ_ಬಸು:
ಇಬ್ಬರಿಗೂ ಥ್ಯಾಂಕ್ಸ್. ಕೊರಕಲನ್ನ ಮೇಲಿಂದ ನೋಡೋ ಹ್ಯಾಟ್ ಪಾಯಿಂಟ್‌ಗೆ ನನ್ನ ಸಣ್ಣ ಕಾರು ಹೋಗುತ್ತಾ?

ಕರಿಬಂಡೆ:
ನೆಲ ಒಣಗಿದ್ದರೆ ನಿಧಾನಕ್ಕೆ ಹೋಗುತ್ತೆ. ಇಮ್ನಾಹಾ ಊರಿಂದ ಜಲ್ಲಿ ರಸ್ತೆ, ಕಡಿದಾದ ಏರು, ಇಕ್ಕಟ್ಟು. ಎದುರು ಗಾಡಿ ಬಂದರೆ ಯಾರಾದರೂ ರಿವರ್ಸ್ ಹೋಗಬೇಕು. ಮೇಲೆ ಸುಮಾರು 7,000 ಅಡಿ, ಹಿಮ ಕರಗೋಕೆ ಜುಲೈ ಆದರೂ ಆಗಬಹುದು. ನದಿ ಒಂದು ಮೈಲಿಗೂ ಜಾಸ್ತಿ ಕೆಳಗೆ. ಟ್ಯಾಂಕ್ ಜೋಸೆಫ್‌ನಲ್ಲೇ ತುಂಬಿಸಿಕೊಳ್ಳಿ, ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ.