ಪದ ಬೇಕು: ಪ್ರೋಗ್ರಾಮಿಂಗಿನ 'ಎಸ್ಕೇಪ್ ಮಾಡು' (ಇವತ್ತೇ)

ವೆಬ್‌ಪುಟ ಕಟ್ಟುವ ಭಾಷೆಯಾದ ಪಿಎಚ್‌ಪಿಯ ಬಳಕೆದಾರರ ಬಳಗದಲ್ಲಿ ಹೊಸಬರಿಗೆ ಹಂಚುವ ಪಾಠದ ಹಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವ ಸಾಲು: 'ಫಾರ್ಮಿನಿಂದ ಬಂದದ್ದನ್ನು ಪುಟದಲ್ಲಿ ತೋರಿಸುವ ಮೊದಲು ಎಸ್ಕೇಪ್ ಮಾಡಿ.' ಆಡುಮಾತಿನಲ್ಲಿ 'ಎಸ್ಕೇಪ್ ಆದ' ಅಂದರೆ ಕೈಗೆ ಸಿಗದೆ ಜಾರಿಕೊಂಡ ಎಂದರ್ಥ, ಹಾಗಾಗಿ ಅದನ್ನೇ ಇಡಲು ಮನಸ್ಸಿಲ್ಲ. ಕರಡಿನಲ್ಲಿ 'ಶುದ್ಧೀಕರಿಸು' ಎಂದಿದೆ. ನಡೆಯುತ್ತದೆಯೇ?

ಮರು:
ನಡೆಯುವುದಿಲ್ಲ. ಶುದ್ಧಿ ಮಾಡಿದರೆ ಏನಾದರೂ ಹೊರಹೋಗಬೇಕು, ಇಲ್ಲಿ ಏನೂ ಹೋಗುವುದಿಲ್ಲ. ಟ್ಯಾಗ್ (ಬ್ರೌಸರಿಗೆ ಕೊಡುವ ಸೂಚನೆ) ತೆರೆಯುವ ಕೋನಕಂಸ ಬಂದರೆ ಅದು ಆಂಪರ್ಸೆಂಡ್, ಎಲ್, ಟಿ, ಸೆಮಿಕೋಲನ್ ಎಂದು ನಾಲ್ಕಾಗಿ ಹೊರಬೀಳುತ್ತದೆ. ಬ್ರೌಸರ್ ಅದನ್ನು ಟ್ಯಾಗ್ ಅಂದುಕೊಳ್ಳದೆ ಪರದೆಯ ಮೇಲೆ ಕೋನಕಂಸವನ್ನೇ ಬರೆಯುತ್ತದೆ. ಟ್ಯಾಗನ್ನು ಕಿತ್ತೆಸೆಯುವುದು ಬೇರೆ ಕೆಲಸ, 'ಶುದ್ಧೀಕರಿಸು' ಅದಕ್ಕಿರಲಿ. ಯಾರಾದರೂ 'ಗೂಢಲಿಪಿ' ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಗುಟ್ಟೇನೂ ಇಲ್ಲ.

ಮರು:
ಮೂಲ ಪದದ ಬೇರು ನೋಡಿ. ಲ್ಯಾಟಿನ್ನಿನ 'ಎಕ್ಸ್' ಮತ್ತು 'ಕಪ್ಪಾ': ಹಿಡಿದವನ ಕೈಯಲ್ಲಿ ಮೇಲಂಗಿ ಬಿಟ್ಟು ಓಡುವುದು. ಅಂದರೆ ನುಸುಳುವುದು. 'ನುಸುಳಿಸು' ಅಚ್ಚಗನ್ನಡ. 'ಪಾರು ಮಾಡು' ಬೇಡ, ಅದು ಸಂಸ್ಕೃತದ 'ಪಾರ'.

ಮರು:
ಫಾರ್ಮಿನ ಮೂಲಕ ತನ್ನ ಕೋಡ್ ಹಾಕಿ ನುಸುಳುವುದು ದಾಳಿಕೋರನ ಕೆಲಸ ಸ್ವಾಮಿ, ಅದನ್ನು ತಡೆಯಲೆಂದೇ ಈ ಸಾಲು. 'ತಪ್ಪಿಸು' ಕೂಡ ಆಗದು. 'ತಪ್ಪಿಸಿದ ಅಕ್ಷರ' ಅಂದರೆ ಬಿಟ್ಟುಹೋದ ಅಕ್ಷರ. ಆಗುವ ಕೆಲಸ ನೋಡಿ ಪದ ಕಟ್ಟಿ: 'ಬರಿ ಅಕ್ಷರವಾಗಿಸು'.

ಪದ ಯಾವುದೇ ಇರಲಿ, 'ತೋರಿಸುವ ಮೊದಲು' ಎಂಬುದನ್ನು 'ಉಳಿಸುವ ಮೊದಲು' ಎಂದು ಮಾಡಬೇಡಿ. ಡೇಟಾಬೇಸಿಗೆ ಹಾಕುವಾಗ ಒಮ್ಮೆ, ತೋರಿಸುವಾಗ ಇನ್ನೊಮ್ಮೆ ಮಾಡಿದರೆ ಪುಟದ ತುಂಬ ಆಂಪರ್ಸೆಂಡಿನ ಬಾಲಗಳು. 'ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್' ಎಂಬುದು ಈ ಕೆಲಸ ಮಾಡುವ ಫಂಕ್ಷನ್, ಪಿಎಚ್‌ಪಿ 8.1ನೇ ಆವೃತ್ತಿಯಿಂದ ಸಿಂಗಲ್ ಕೋಟನ್ನೂ ತಾನಾಗಿಯೇ ಬದಲಿಸುತ್ತದೆ. ಅದಕ್ಕಿಂತ ಹಳೆಯ ಸರ್ವರಿನಲ್ಲಿ 'ಇಎನ್‌ಟಿ_ಕೋಟ್ಸ್' ಎಂಬ ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಸಿಂಗಲ್ ಕೋಟಿನೊಳಗೆ ಬರೆದ ಆಟ್ರಿಬ್ಯೂಟ್ (ಟ್ಯಾಗಿನೊಳಗೆ ಕೊಡುವ ಮೌಲ್ಯ) ಅರ್ಧಕ್ಕೇ ಮುಚ್ಚಿಕೊಂಡು ಉಳಿದದ್ದು ಟ್ಯಾಗಿನ ಭಾಗವಾಗುತ್ತದೆ.

ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಪಾಠದಲ್ಲಿ ಈ ಪದವನ್ನು ತರಲೇಬೇಡಿ. ಅಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಸಾಧನವಾದ ಪಿಡಿಒದಲ್ಲಿ ಮೊದಲು 'ಪ್ರಿಪೇರ್', ಮೌಲ್ಯದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ 'ಎಕ್ಸಿಕ್ಯೂಟ್'ಗೆ ಮೌಲ್ಯಗಳು. ಪುಟ, ಡೇಟಾಬೇಸ್ ಎರಡನ್ನೂ ಒಂದೇ ಮಂತ್ರದಿಂದ ಮುಗಿಸಬಹುದು ಅಂದುಕೊಂಡರೆ ಏನಾಗುತ್ತದೆಂದು ಪಿಎಚ್‌ಪಿಯ ಹಳೆಯ ಸೌಲಭ್ಯ ಮ್ಯಾಜಿಕ್ ಕೋಟ್ಸ್ ತೋರಿಸಿಕೊಟ್ಟಿದೆ: ಬಂದದ್ದಕ್ಕೆಲ್ಲ ಬ್ಯಾಕ್‌ಸ್ಲ್ಯಾಶ್. 2012ರಲ್ಲಿ, 5.4ರಲ್ಲಿ, ಅದನ್ನು ಕಿತ್ತುಹಾಕಿದರು.

ಮರು:
ಬರಿ + ಅಕ್ಷರ. ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಮುಂದಿನದು?

ಮರು:
ಬಿಡಿಸಿ ಬರೆದಿದ್ದಾರೆ, ಸಮಾಸವೆಲ್ಲಿದೆ? ಸರ್ವರ್, ಫಾರ್ಮ್, ಬ್ರೌಸರ್ ಮೂರನ್ನೂ ನುಂಗಿಕೊಂಡು ಎಸ್ಕೇಪಿಗೆ ಮಾತ್ರ ಗಂಟಲು ಹಿಡಿಯುವುದು ವಿಚಿತ್ರ. ಅರ್ಜಿ, ಜಮೀನು, ವಕೀಲ ಬಂದಾಗ ಯಾರೂ ಕುಲ ಕೇಳಲಿಲ್ಲ. 'ಎಸ್ಕೇಪಿಸು' ಎನ್ನಿ. 'ಇಸು' ಇರುವುದೇ ಅದಕ್ಕೆ. ಹೊಸಬ ನಾಳೆ ಎರರ್ ಮೆಸೇಜು ಓದುವುದಂತೂ ಇಂಗ್ಲಿಷಿನಲ್ಲೇ.

ಮರು:
ಅರ್ಜಿ, ಜಮೀನು, ವಕೀಲ: ಮೂರೂ ನಾಮಪದ. ಕ್ರಿಯಾಪದವನ್ನೂ ಕಡ ತಂದರೆ ನಮ್ಮದೆಂದು ಉಳಿಯುವುದು ವಿಭಕ್ತಿ ಮಾತ್ರ. ಬರಿಗೈ, ಬರಿಗಾಲು ಇದ್ದ ಹಾಗೆ 'ಬರಿಗುರುತು' ಮಾಡಿ. 'ಬರಿಗುರುತಾಗಿಸು'. ಚರ್ಚೆ ಬೇಡ.

ಮರು:
ಚರ್ಚೆ ಬೇಡವಂತೆ. ಪದಚರ್ಚೆಯಲ್ಲಿ.

ಮರು:
ಅರಿಸಮಾಸ ಹೇಗಾದರೂ ಇರಲಿ, ಕೋನಕಂಸವೂ ಕೋಟೂ ಅಕ್ಷರಗಳಲ್ಲ, ಗುರುತುಗಳೇ. ಆದ್ದರಿಂದ 'ಬರಿಗುರುತಾಗಿಸಿ' ಎಂದೇ ಹಾಳೆಗೆ ಹಾಕುತ್ತಿದ್ದೇನೆ. ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ 'ಎಸ್ಕೇಪ್' ಇರುತ್ತದೆ, ಇಲ್ಲದಿದ್ದರೆ ಕೈಪಿಡಿಯಲ್ಲಿ ಹುಡುಕಲಾಗದು. ಎಸ್‌ಕ್ಯೂಎಲ್ ಪುಟದಿಂದ ಪದವನ್ನು ತೆಗೆದಿದ್ದೇನೆ. ಇನ್ನೊಂದೇ ಬಾಕಿ: ಬಳಕೆದಾರನ ಒಂದು ಭೇಟಿಯನ್ನು ಸರ್ವರ್ ನೆನಪಿಡುವ 'ಸೆಷನ್'ಗೆ ಕರಡಿನಲ್ಲಿ 'ಅಧಿವೇಶನ' ಎಂದಿದೆ.

ಮರು:
ಶಾಸಕರನ್ನು ಕರೆಯುತ್ತಿದ್ದೀರಾ? 'ಸೆಷನ್' ಎಂದೇ ಬಿಡಿ.