ಪುಟ್ಟಿಗೆ, ರೋಮ್ ಕಾದಂಬರಿ ವಿಚಾರ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. "ಪರ್ವ ಮುಗಿಸಿದೆ ಮಾವ, ಈಗ ಹಳೇ ಗ್ರೀಸು, ರೋಮಿನ ಕಾದಂಬರಿ ಯಾವುದಾದರೂ ಹೇಳಿ, ಆದರೆ ಪಾಠದ ಥರ ಇರಬಾರದು" ಅಂತ ಕೇಳಿದ್ದೀಯ. ಟೈಪ್ ಮಾಡೋದು ನನಗೆ ಆಗದ ಕೆಲಸ. ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಗ್ರೂಪಿನಲ್ಲಿ ಉದ್ದ ಆಯ್ತು ಅನ್ನಿಸಿದವರು ಮುಂದೆ ಹೋಗಿ.

ಪರ್ವ ಓದಿದವಳಿಗೆ ಮೊದಲು ಕೊಡಬೇಕಾದ್ದು ಮೇರಿ ರೆನಾಲ್ಟ್ ಬರೆದ 'ದಿ ಕಿಂಗ್ ಮಸ್ಟ್ ಡೈ'. 1958ರದ್ದು. ಥೀಸಿಯಸ್ ಅಂತ ಗ್ರೀಕ್ ಪುರಾಣದ ವೀರ ಇದ್ದಾನಲ್ಲ, ಕ್ರೀಟ್ ದ್ವೀಪಕ್ಕೆ ಹೋಗಿ ಗೂಳಿ ತಲೆಯ ರಾಕ್ಷಸನನ್ನು ಕೊಂದವನು, ಅವನ ಕಥೆ. ಭೈರಪ್ಪನವರು ಮಹಾಭಾರತದಿಂದ ಪವಾಡ ತೆಗೆದರಲ್ವಾ, ಈಯಮ್ಮ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಥೀಸಿಯಸ್ಸಿಗೆ ಅದನ್ನೇ ಮಾಡಿದ್ದಾರೆ. ರಾಕ್ಷಸ ಇಲ್ಲ. ಬದಲಿಗೆ, ನುಗ್ಗಿ ಬರುವ ಗೂಳಿಯ ಕೊಂಬು ಹಿಡಿದು ಬೆನ್ನ ಮೇಲೆ ಪಲ್ಟಿ ಹೊಡೆಯುವ ಹುಡುಗ ಹುಡುಗಿಯರು ಇದ್ದಾರೆ. ಆ ಆಟದ ಚಿತ್ರ ಅಲ್ಲಿನ ಕ್ನಾಸೊಸ್ ಅರಮನೆಯಲ್ಲಿ ನಿಜವಾಗಲೂ ಸಿಕ್ಕಿದೆ. ಭೂಕಂಪ ಬರುವ ಮೊದಲೇ ಥೀಸಿಯಸ್ಸಿನ ಮೈಗೆ ಅದು ತಿಳಿಯುತ್ತದೆ. ಅವನು ಅದನ್ನು ದೇವರು ಅನ್ನುತ್ತಾನೆ. ನೀನು ಏನು ಬೇಕಾದರೂ ಅಂದುಕೋ.

ರೋಮಿಗೆ ಬಂದರೆ ನನ್ನದೊಂದು ಹಟ ಇದೆ. ಕತ್ತಿ ಹಿಡಿದು ಕುದುರೆ ಮೇಲೆ ಬರುವವನ ಕಥೆ ಬೇಡ, ಮೂಲೆಯಲ್ಲಿ ನಿಂತು ನೋಡುತ್ತಿದ್ದವನ ಕಥೆ ಬೇಕು. ರಾಬರ್ಟ್ ಗ್ರೇವ್ಸ್ 1934ರಲ್ಲಿ ಬರೆದ 'ಐ, ಕ್ಲಾಡಿಯಸ್' ಹಾಗಿದೆ. ರೋಮಿನ ರಾಜಮನೆತನದ ಕ್ಲಾಡಿಯಸ್ಸಿಗೆ ಮಾತು ತೊದಲು, ಕಾಲು ಕುಂಟು, ಮನೆಯವರೆಲ್ಲ ಪೆದ್ದ ಅಂತ ಬಿಟ್ಟುಬಿಟ್ಟಿರುತ್ತಾರೆ, ಹಾಗೆ ಬಿಟ್ಟದ್ದರಿಂದಲೇ ಅವನು ಉಳಿದುಕೊಳ್ಳುತ್ತಾನೆ, ಜಾಣರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ಕ್ರಿ.ಶ. 41ರಲ್ಲಿ ಚಕ್ರವರ್ತಿ ಕ್ಯಾಲಿಗುಲನ ಕೊಲೆಯಾದಾಗ ಇವನು ಹೆದರಿ ಪರದೆ ಹಿಂದೆ ಅಡಗುತ್ತಾನೆ. ಕೆಳಗೆ ಪಾದ ಕಾಣುತ್ತದೆ. ಸಿಪಾಯಿ ಎಳೆದು ಹೊರಗೆ ತಂದು, ಕೊಲ್ಲುವ ಬದಲು, ಚಕ್ರವರ್ತಿ ಅಂತ ಕರೆಯುತ್ತಾನೆ! ಇದು ಗ್ರೇವ್ಸ್ ಕಟ್ಟಿದ್ದಲ್ಲ, ಹಳೇ ರೋಮನ್ ಬರಹದಲ್ಲೇ ಇದೆ.

ಕಷ್ಟ ಏನು ಅಂದರೆ ಹೆಸರು. ನಮ್ಮ ಮನೆಯಲ್ಲಿ ತಾತನ ಹೆಸರನ್ನೇ ನಾಲ್ಕು ಮೊಮ್ಮಕ್ಕಳಿಗೆ ಇಟ್ಟಿದ್ದೇವಲ್ಲ, ಅದೇ ಕಾಟ. ಮೂರು ಜೂಲಿಯಾ, ಎರಡು ಅಗ್ರಿಪ್ಪಿನಾ. ನಾನು ಯಾರದೋ ಲಗ್ನಪತ್ರಿಕೆಯ ಹಿಂದೆ ವಂಶವೃಕ್ಷ ಬರೆದು ಪುಸ್ತಕದೊಳಗೆ ಇಟ್ಟುಕೊಂಡೇ ಓದಿದೆ. ಅಂದ ಹಾಗೆ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಅದರ ಮೇಲಿರುವ ಚಕ್ರವರ್ತಿಗಳು ಅಗಸ್ಟಸ್, ಟೈಬೀರಿಯಸ್ ಇದೇ ಕಾದಂಬರಿಯ ಮಂದಿ.

ಬೇಗ ಓದಿಸಿಕೊಂಡು ಹೋಗಬೇಕು ಅಂದರೆ ರಾಬರ್ಟ್ ಹ್ಯಾರಿಸ್ ಬರೆದ 'ಪೊಂಪೆಯಿ'. ನಾಯಕ ಕಾಲುವೆ ಇಂಜಿನಿಯರು. ನಮ್ಮ ಭಾಷೆಯಲ್ಲಿ ದೊಡ್ಡ ನೀರುಗಂಟಿ ಅನ್ನು. ಶ್ರೀಮಂತನೊಬ್ಬನ ಕೊಳದಲ್ಲಿ ಮೀನು ಸಾಯುತ್ತವೆ, ನೀರಿನಲ್ಲಿ ಗಂಧಕದ ವಾಸನೆ, ಆಮೇಲೆ ಊರೂರಿಗೆ ನೀರೇ ನಿಂತುಹೋಗುತ್ತದೆ. ಎಲ್ಲಿ ಒಡೆದಿದೆ ಅಂತ ಇವನು ಹುಡುಕಿಕೊಂಡು ವೆಸೂವಿಯಸ್ ಬೆಟ್ಟದ ಕಡೆ ಹೊರಡುತ್ತಾನೆ. ಬೆಟ್ಟ ಸಿಡಿಯುತ್ತದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಷ್ಟೇ ಸಾಕು. ಕಥೆ ಆಗಸ್ಟಿನಲ್ಲಿ ನಡೆಯುತ್ತದೆ. ಪುಸ್ತಕ ಬಂದದ್ದು 2003ರಲ್ಲಿ. ಆಮೇಲೆ 2018ರಲ್ಲಿ ಪೊಂಪೆಯಿಯಲ್ಲಿ ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ ಅಕ್ಟೋಬರಿನ ತಾರೀಖು ಸಿಕ್ಕಿತು, ಅಂದರೆ ಬೆಟ್ಟ ಸಿಡಿದದ್ದು ಆಗಸ್ಟಿನಲ್ಲಿ ಅಲ್ಲ, ಆಮೇಲೆ ಇರಬೇಕು. ಪಾಪ, ಅದಕ್ಕೆ ಅವರೇನು ಮಾಡಿಯಾರು.

ಅದು ಹಿಡಿಸಿದರೆ ಅವರದೇ 'ಇಂಪೀರಿಯಂ'. ಸಿಸೆರೊ ಅನ್ನುವ ವಕೀಲನ ಕಥೆ, ಹೇಳುವವನು ಅವನ ಗುಲಾಮ, ಗುಮಾಸ್ತ ಟೈರೊ. ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಟೈರೊ ನಿಜವಾಗಿಯೂ ಇದ್ದ, ಯಜಮಾನನ ಜೀವನಚರಿತ್ರೆ ಕೂಡ ಬರೆದಿದ್ದ, ಅದು ಕಳೆದುಹೋಯಿತು. ಕಳೆದ ಆ ಪುಸ್ತಕವೇ ಇದು ಅನ್ನೋ ಹಾಗೆ ಹ್ಯಾರಿಸ್ ಬರೆದಿದ್ದಾರೆ. ಸಿಸಿಲಿಯನ್ನು ಲೂಟಿ ಹೊಡೆದ ಅಧಿಕಾರಿಯ ಮೇಲಿನ ಕೇಸು ಓದುವಾಗ ನಿಮ್ಮಪ್ಪನ ನೆನಪಾಗುತ್ತದೆ, ಫೈಲು ಕಂಕುಳಲ್ಲಿ ಇಟ್ಟುಕೊಂಡು ಕೋರ್ಟಿಗೆ ಓಡುತ್ತಿದ್ದದ್ದು.

ಯೂರ್ಸನಾರ್ ಬರೆದ 'ಮೆಮೊಯರ್ಸ್ ಆಫ್ ಹೇಡ್ರಿಯನ್' ಈಗಲೇ ಬೇಡ. ಅದು ಚಕ್ರವರ್ತಿಯೇ ಹೇಳುವ ಕಥೆ, ನನ್ನ ಹಟ ಮುರಿದ ಪುಸ್ತಕ. ತುಂಬಾ ನಿಧಾನ. ಆಕೆ ಅರ್ಧಕ್ಕೆ ಬಿಟ್ಟಿದ್ದರಂತೆ. ವರ್ಷಗಳಾದ ಮೇಲೆ ಹಳೇ ಟ್ರಂಕಿನ ಕಾಗದ ಸುಡಲು ಕೂತಾಗ "ಪ್ರೀತಿಯ ಮಾರ್ಕ್" ಅಂತ ಶುರುವಾಗುವ ಹಾಳೆ ಕೈಗೆ ಬಂತು, ಯಾರಪ್ಪಾ ಈ ಮಾರ್ಕ್ ಅಂತ ಯೋಚಿಸಿದರು, ನೋಡಿದರೆ ತಾವೇ ಬರೆದದ್ದು. 1951ರಲ್ಲಿ ಪ್ರಕಟವಾಯಿತು.

ನಿನಗೆ ರಜೆ ಕಮ್ಮಿ, ಪೊಂಪೆಯಿಯಿಂದ ಶುರು ಮಾಡು. ಭಾನುವಾರ ಬಂದರೆ ಕೊಡುತ್ತೇನೆ. 'ಇಂಪೀರಿಯಂ' ಮಾತ್ರ ನನ್ನ ಕಪಾಟಿನಲ್ಲಿ ಇಲ್ಲ. ಗೃಹಪ್ರವೇಶದ ದಿನ ಈ ಗ್ರೂಪಿನವರೇ ಒಬ್ಬರು ತೆಗೆದುಕೊಂಡು ಹೋದರು. ಹೆಸರು ಹೇಳುವುದಿಲ್ಲ. ಅವರು ಇದನ್ನು ಓದುತ್ತಿದ್ದರೆ ಪುಟ್ಟಿಯ ಕೈಗೇ ಕೊಟ್ಟುಬಿಡಿ, ಲಗ್ನಪತ್ರಿಕೆ ಒಳಗಿದ್ದರೆ ಅದನ್ನೂ.